ಹಂಸಕ್ಕನ ಎಡಗೈ

ಕಳೆದ ಫೆಬ್ರವರಿ ಹದಿನೆಂಟರ ಪುಟದಲ್ಲಿ ನನ್ನ ಡೈರಿ ಹೀಗಿದೆ: "ನಿತೀಶನ ಕಾಲರ್ ಬೋನ್ ಮುರಿದಿದೆ. ಹಂಸಕ್ಕನಿಗೆ ಏನೂ ಆಗಿಲ್ಲ. ನಮ್ಮುಗೆ ಹನ್ನೊಂದಕ್ಕೆ ಹಾಲು, ಎರಡಕ್ಕೆ ರಾಗಿ ಸರಿ. ಡಯಾಪರ್ ಮುಗಿದಿದೆ."

ಪುಟದ ಅರ್ಧ ಖಾಲಿ ಇತ್ತು. ಇನ್ನೇನಾದರೂ ಬರೆಯಬಹುದಾಗಿತ್ತು, ಬರೆಯಲಿಲ್ಲ. ಬರೆಯುವಂಥದ್ದು ಒಳಗೆ ಏನೂ ಇರಲಿಲ್ಲ.

ನಿತೀಶ ನನ್ನ ಗಂಡ. ಜಪಾನಿನ ಕಾಶಿವಾದ ಒಂದು ಸಣ್ಣ ಹಿಮ ಸಂಶೋಧನಾ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ನಮ್ಮು ಎಂದರೆ ನಮ್ರತಾ, ನಮ್ಮ ಮಗಳು, ಆಗ ಒಂಬತ್ತು ತಿಂಗಳಿನವಳು. ಹಂಸಕ್ಕ ಆ ಲ್ಯಾಬಿನ ಟ್ರಕ್ ಓಡಿಸುವವರು, ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಕೆಳಗಿನ ಮನೆಯವರು. ಆ ದಿನ ನಿಯಿಗಾತಾ ಕಡೆಯ ಬೆಟ್ಟದಲ್ಲಿ ಹಿಮದ ಅಳತೆ ಮುಗಿಸಿ ಇಳಿಯುವಾಗ ಟ್ರಕ್ ಒಂದು ತಿರುವಿನಲ್ಲಿ ಜಾರಿತು, ರಸ್ತೆ ಬದಿಯ ಕಬ್ಬಿಣದ ಕಂಬಕ್ಕೆ ಎಡಮಗ್ಗುಲು ಕೊಟ್ಟು ನಿಂತಿತು. ಎಡಗಡೆ ಕೂತಿದ್ದವನು ನಿತೀಶ.

ಹಂಸಕ್ಕ ಹಿರಿಯೂರಿನವರು. ಅವರ ತಂದೆ ಬಾಲಸುಬ್ರಹ್ಮಣ್ಯ ಲಾರಿ ಡ್ರೈವರ್. ಈರುಳ್ಳಿ, ಶೇಂಗಾ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತಿದ್ದರು. ಬೇಸಿಗೆ ರಜೆ ಬಂತೆಂದರೆ ಕ್ಯಾಬಿನ್ನಿನಲ್ಲಿ ಮಗಳೂ ಇರಬೇಕು. ಹದಿನಾರನೇ ವಯಸ್ಸಿಗೆ ಎಪಿಎಂಸಿ ಯಾರ್ಡಿನಲ್ಲಿ ಖಾಲಿ ಲಾರಿಯ ಸ್ಟೇರಿಂಗ್ ಮಗಳ ಕೈಗೆ ಕೊಟ್ಟವರೂ ಅವರೇ. ಹಮಾಲರು ಕೆಲಸ ಬಿಟ್ಟು ನೋಡುತ್ತಾ ನಿಂತಿದ್ದರಂತೆ. "ಎಷ್ಟು ಜನ ನೋಡ್ತಿದ್ರೂ ಅಪ್ಪ ಒಂದೇ ಮಾತು. ರಸ್ತೆ ನೋಡು, ಜನಾನ ಆಮೇಲೆ ನೋಡ್ಕೊಳ್ಳುವಂತೆ," ಎಂದು ಹಂಸಕ್ಕ ಹೇಳುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ಮದುವೆಯಾಗಿ ಇಲ್ಲಿಗೆ ಬಂದರು. ಗಂಡ ಶಿವಕುಮಾರ ಅವರಿಗೆ ಶಿನಾಗಾವಾದಲ್ಲಿ ಸಾಫ್ಟ್‌ವೇರ್ ಕೆಲಸ. ಬೆಳಗ್ಗೆ ಏಳಕ್ಕೆ ಹೊರಟರೆ ಬರುವಾಗ ಹತ್ತು ಗಂಟೆ. ಹಂಸಕ್ಕನಿಗೆ ದಿನ ಕಳೆಯಲು ಒಂದು ಕೊಂಬಿನಿ ಅಂಗಡಿ, ಒಂದು ಪಾರ್ಕು, ಒಂದು ಲೈಬ್ರರಿ. ಕೊನೆಗೆ ಡ್ರೈವಿಂಗ್ ಲೈಸೆನ್ಸ್ ಬದಲಾಯಿಸಿಕೊಳ್ಳುತ್ತೇನೆಂದು ಹಟ ಹಿಡಿದರು. ಇಪ್ಪತ್ತು ವರ್ಷದಿಂದ ಓಡಿಸುವವರು ಮೂರು ಸಲ ಫೇಲ್ ಆದರು.

"ಕನ್ನಡಿ ನೋಡಿದ್ರೆ ಸಾಲದಂತೆ ಕಣೆ, ಕತ್ತು ತಿರುಗಿಸ್ಬೇಕಂತೆ. ನಾನು ನೋಡಿದ್ದು ಅವರಿಗೆ ಕಾಣ್ಬೇಕಂತೆ. ನಾಲ್ಕನೇ ಸಲ ಮದುಮಗಳ ಥರ ಅತ್ತಿತ್ತ ತಿರುಗಿಸಿದೆ ನೋಡು, ಪಾಸು."

ಲ್ಯಾಬಿಗೆ ಹಂಸಕ್ಕ ಸಿಕ್ಕಿದ್ದು ಇನ್ನೊಂದು ವಿಚಿತ್ರ ಕಾರಣಕ್ಕೆ. ಲ್ಯಾಬಿನ ಪಿಕಪ್ ಟ್ರಕ್ ಹಳೆಯದು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಸಿಗುವಂಥದ್ದು, ಆದರೆ ಗೇರು ಕೈಯಲ್ಲೇ ಹಾಕಬೇಕು. ಅಲ್ಲಿನ ವಿದ್ಯಾರ್ಥಿಗಳಿಗೆಲ್ಲ ಬರೀ ಆಟೋಮ್ಯಾಟಿಕ್ ಲೈಸೆನ್ಸ್. ಕ್ಲಚ್ ಎಂದರೆ ಅವರಿಗೆ ಅಜ್ಜನ ಕಾಲದ ವಸ್ತು. ಕ್ಯಾಂಪಸ್ಸಿನ ವಿದೇಶಿ ಕುಟುಂಬಗಳ ಚಹಾಕೂಟದಲ್ಲಿ ಲ್ಯಾಬಿನ ಮುಖ್ಯಸ್ಥ ಹೋರಿಯುಚಿ ಸೆನ್ಸೇ ಈ ತೊಂದರೆಯನ್ನು ನಗುತ್ತಾ ಹೇಳಿಕೊಂಡಾಗ, ಹಂಸಕ್ಕ ಕೈ ಎತ್ತಿ, "ನಾನು ಓಡಿಸ್ತೀನಿ" ಎಂದರಂತೆ. ಆಮೇಲೆ ಐದು ಚಳಿಗಾಲ, ಪ್ರತಿ ಮಂಗಳವಾರ, ಬೆಳಗಿನ ಐದಕ್ಕೆ ಹೊರಟು ಬೆಟ್ಟ ಹತ್ತಿ, ಹಿಮ ಅಗೆಯುವ ಹುಡುಗರಿಗೆ ಚಿತ್ರಾನ್ನದ ಡಬ್ಬಿ ಕೊಟ್ಟು, ಸಂಜೆಗೆ ವಾಪಸ್. ಒಂದು ಗೀರೂ ಬಿದ್ದಿರಲಿಲ್ಲ. ಊರಲ್ಲಿ ಅಪ್ಪ ಸಿಕ್ಕವರಿಗೆಲ್ಲ ಫೋಟೋ ತೋರಿಸುತ್ತಿದ್ದರು, ಹಿಮದ ಗೋಡೆಗಳ ನಡುವೆ ಟ್ರಕ್ಕಿಗೆ ಒರಗಿ ನಿಂತ ಮಗಳು.

ಫೆಬ್ರವರಿಯ ಆ ದಿನದ ನಂತರ ನಿತೀಶನಿಗೆ ಮೂರು ತಿಂಗಳು ಮಗುವನ್ನು ಎತ್ತಿಕೊಳ್ಳಲಾಗಲಿಲ್ಲ. ಹಂಸಕ್ಕ ಮಾರನೆಯ ದಿನದಿಂದಲೇ ಬೆಳಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬಂದರು. ಬಂದು, ಬಾತ್‌ರೂಮಿನ ನೆಲದಲ್ಲಿ ಕಾಲು ನೀಡಿ ಕೂತು, ನಮ್ಮುವನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕಿ, ಒರೆಸಿ ಕೊಟ್ಟು ಹೋದರು. ಕ್ಷಮಿಸು ಎಂದು ಒಂದು ಸಲ ಹೇಳಿದರು. ಪರವಾಗಿಲ್ಲ ಎಂದು ನಾನೂ ಒಂದು ಸಲ ಹೇಳಿದೆ. ಆ ಎರಡು ಮಾತೂ ಯಾರೋ ಬೇರೆಯವರು ಆಡಿದ ಹಾಗಿದ್ದವು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕನಿಕರವೂ ಬರಲಿಲ್ಲ. ನೀರು ಬಿಸಿ ಇದೆಯೇ ಎಂದು ಮೊಣಕೈ ಅದ್ದಿ ನೋಡುತ್ತಿದ್ದೆ, ಟವಲ್ ಹಿಡಿದು ನಿಲ್ಲುತ್ತಿದ್ದೆ.

ಏಪ್ರಿಲ್‌ನಲ್ಲಿ ಅವರ ತಂದೆ ತೀರಿಕೊಂಡರು. ಹಂಸಕ್ಕ ಊರು ಮುಟ್ಟುವಷ್ಟರಲ್ಲಿ ಮೂರನೇ ದಿನ. ಹದಿಮೂರು ದಿನ ಮುಗಿಸಿ ವಾಪಸ್ ಬಂದ ಮರುದಿನ ಹತ್ತು ಗಂಟೆಗೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಎಣ್ಣೆ ಬಾಟಲಿ.

"ಇವತ್ತು ಬೇಡ ಅಕ್ಕ, ಸುಸ್ತಾಗಿದ್ದೀರಿ."

"ಸುಸ್ತು ಗೊತ್ತಾದ್ರೆ ತಾನೆ. ಕೊಡು ಮಗೂನ."

ನೀರು ಹಾಕುತ್ತಾ, ನಾನು ಕೇಳದಿದ್ದರೂ, "ಅಳು ಬರ್ಲಿಲ್ಲ ಕಣೆ. ಎಲ್ರೂ ಅಳ್ತಿದ್ರು. ನಾನು ಕಾಫಿ ಲೋಟ ತೊಳೀತಿದ್ದೆ," ಎಂದರು.

ಇಷ್ಟರ ನಡುವೆ ಲ್ಯಾಬಿನ ಒಂದು ಪತ್ರ ಅವರ ಮನೆಯ ಫ್ರಿಜ್ಜಿನ ಮೇಲೆ ಕೂತಿತ್ತು. ಇಲ್ಲಿ ಕೆಲಸದಲ್ಲಿ ಏನಾದರೂ ಎಡವಟ್ಟಾದರೆ ಬೈಯುವುದಿಲ್ಲ, ಒಂದು ಕಾಗದ ಕೊಡುತ್ತಾರೆ. ಅದರಲ್ಲಿ ಒಂದರ ಕೆಳಗೊಂದು ಐದು ಚೌಕ. ಪ್ರತಿ ಚೌಕದ ತಲೆಯ ಮೇಲೆ ಒಂದೇ ಪ್ರಶ್ನೆ: ನಾಜೆ? ಅಂದರೆ, ಏಕೆ? ಮೊದಲ ಏಕೆಗೆ ಬರೆದ ಉತ್ತರಕ್ಕೆ ಎರಡನೆಯ ಏಕೆ, ಅದರ ಉತ್ತರಕ್ಕೆ ಮೂರನೆಯದು. ಹಂಸಕ್ಕ ಮೊದಲ ಚೌಕದಲ್ಲಿ "ರಸ್ತೆಯ ಮೇಲೆ ಮಂಜುಗಡ್ಡೆ ಇತ್ತು" ಎಂದು ಬರೆದು ಉಳಿದ ನಾಲ್ಕನ್ನು ಖಾಲಿ ಬಿಟ್ಟರು. ಸೆನ್ಸೇ ಅದನ್ನು ವಾಪಸ್ ಕಳಿಸಿದರು, ಪೆನ್ಸಿಲ್ಲಿನಲ್ಲಿ ತೆಳುವಾಗಿ ಒಂದು ಸಾಲು: "ಮಂಜುಗಡ್ಡೆ ನೀವು ಬರುವ ಮೊದಲೇ ಅಲ್ಲಿತ್ತು. ದಯವಿಟ್ಟು ಇನ್ನೊಮ್ಮೆ ಯೋಚಿಸಿ." ಹಂಸಕ್ಕ ಮತ್ತೆ ಅದನ್ನೇ ಬರೆದರು. ಮೂರು ಸಲ ಹೋಯಿತು, ಮೂರು ಸಲ ಬಂತು. ಅಲ್ಲಿಯವರೆಗೆ ಅವರಿಗೆ ಟ್ರಕ್ ಇಲ್ಲ. ಲ್ಯಾಬಿನಲ್ಲಿ ಕೂತು ಹಿಮ ತುಂಬುವ ಕೊಳವೆಗಳನ್ನು ತೊಳೆಯುತ್ತಿದ್ದರು. ರಿಪೇರಿಯಾದ ಟ್ರಕ್ ಬೆಟ್ಟದ ಊರಿನ ಶೆಡ್ಡಿನಲ್ಲೇ ನಿಂತಿತ್ತು.

ನವೆಂಬರ್ ಕೊನೆಯಲ್ಲಿ ಸೆನ್ಸೇ ನನಗೊಂದು ಮೇಲ್ ಬರೆದರು. ಮೊದಲು ಮೂರು ಸಲ ಕ್ಷಮೆ ಕೇಳಿ ಆಮೇಲೆ ವಿಷಯ. ಡಿಸೆಂಬರ್ ಹದಿನಾಲ್ಕಕ್ಕೆ ಆ ಊರಿನ ಕನಾಯ್ ಸಾನ್ ಎನ್ನುವವರು ಹಂಸಕ್ಕನ ಬ್ರೇಕ್ ಪರೀಕ್ಷೆ ತೆಗೆದುಕೊಳ್ಳುತ್ತಾರೆ. ಅಪಘಾತದ ಬಗ್ಗೆ ವಿವರವಾಗಿ ಕೇಳುತ್ತಾರೆ. ಹಂಸಾ ಸಾನ್‌ಗೆ ಬರುವುದು ಅಂಗಡಿಯ, ರಸ್ತೆಯ ಜಪಾನಿ. ನಿತೀಶ್ ಸಾನ್ ಆ ಗಾಡಿಯಲ್ಲಿದ್ದವರು, ಆದ್ದರಿಂದ ಅವರು ದುಭಾಷಿಯಾಗುವಂತಿಲ್ಲ. ತಮಗೆ ಜಪಾನಿ ಚೆನ್ನಾಗಿ ಬರುತ್ತದೆ, ತಾವು ಬರಬಹುದೇ? ಕೊನೆಯ ಸಾಲಿನಲ್ಲಿ, ಆ ಪರೀಕ್ಷೆ ಮುಗಿಯುವಷ್ಟರಲ್ಲಿ ಪತ್ರ ಪೂರ್ತಿಯಾಗಿ ಕನಾಯ್ ಸಾನ್ ಮುದ್ರೆ ಬೀಳದಿದ್ದರೆ ಜನವರಿಯಿಂದ ಆ ಊರಿನವರನ್ನೇ ಡ್ರೈವರ್ ಆಗಿ ಇಟ್ಟುಕೊಳ್ಳಬೇಕಾಗುತ್ತದೆ, ಹಂಸಾ ಸಾನ್‌ಗೆ ಇದು ತಿಳಿದಿದೆ, ಎಂದಿತ್ತು.

ಹಂಸಕ್ಕನನ್ನು ಕೇಳಿದೆ.

"ತಿಳಿದಿದೆ," ಎಂದರು. "ಆ ಸ್ಟೇರಿಂಗ್ ಒಂದು ಹೋದ್ರೆ ಈ ದೇಶದಲ್ಲಿ ನನ್ನದು ಅಂತ ಇರೋದು ಒಗ್ಗರಣೆ ಸೌಟು." ನಗಲಿಲ್ಲ. ನಾನೂ ನಗಲಿಲ್ಲ.

ನಾವು ನಾಲ್ವರು, ಹಂಸಕ್ಕ, ನಿತೀಶ, ನಾನು, ನಮ್ಮು, ರೈಲಿನಲ್ಲಿ ಹೋಗಿ ಬಸ್ಸು ಹಿಡಿದು ಬೆಟ್ಟದ ಊರು ತಲುಪಿದೆವು. ಮೊಣಕಾಲುದ್ದ ಹಿಮ ಬಿದ್ದಿತ್ತು. ನಿತೀಶನನ್ನೂ ನಮ್ಮುವನ್ನೂ ವಸತಿಗೃಹದ ಸೀಮೆಎಣ್ಣೆ ಸ್ಟೋವಿನ ಹತ್ತಿರ ಬಿಟ್ಟು ನಾವಿಬ್ಬರೂ ಹೊರಟೆವು. ಊರಾಚೆ ಮುಚ್ಚಿಹೋದ ಸ್ಕೀ ಮೈದಾನವೊಂದಿದೆ. ಅದರ ಪಾರ್ಕಿಂಗ್ ಜಾಗದಲ್ಲಿ, ಮೇಲಿನ ಅರ್ಧ ಸಮತಟ್ಟು, ಕೆಳಗಿನ ಅರ್ಧ ನಿಧಾನ ಇಳಿಜಾರು, ಕನಾಯ್ ಸಾನ್ ಕಾಯುತ್ತಿದ್ದರು. ಎಪ್ಪತ್ತು ದಾಟಿದ ಗಿಡ್ಡ ಮನುಷ್ಯ. ಮೂವತ್ತೆಂಟು ವರ್ಷ ಹಿಮ ತೆಗೆಯುವ ಗಾಡಿ ಓಡಿಸಿದವರು.

ಅವರು ಮೊದಲು ಹಂಸಕ್ಕನ ಮುಖ ನೋಡಲಿಲ್ಲ, ಟೈರು ನೋಡಿದರು. ಉಗುರು ಒತ್ತಿ ಮೆತ್ತಗಿದೆಯೇ ಎಂದು ಪರೀಕ್ಷಿಸಿದರು. ಟ್ರಕ್ಕಿನ ಹಿಂದುಗಡೆ, ಹಿಂಚಕ್ರದ ನೆತ್ತಿಗೆ ಸರಿಯಾಗಿ, ನಾಲ್ಕು ಮರಳಿನ ಚೀಲ ಇಡಿಸಿದರು. ಖಾಲಿ ಟ್ರಕ್ಕಿನ ಬೆನ್ನು ಹಗುರ, ಬ್ರೇಕ್ ಒತ್ತಿದರೆ ಅದು ಮುಂದಿನ ಭಾಗಕ್ಕಿಂತ ಮೊದಲು ಹೋಗಬೇಕೆಂದು ನೋಡುತ್ತದೆ, ಎಂದರು. ಆಮೇಲೆ ಹಂಸಕ್ಕನ ಬೂಟು ನೋಡಿದರು. ಮೊಣಕಾಲಿನವರೆಗಿನ, ಒಳಗೆ ಉಣ್ಣೆ ಇರುವ ದಪ್ಪ ಬೂಟು.

"ಈ ಬೂಟಿನಲ್ಲಿ ಪೆಡಲ್ ಎಲ್ಲಿದೆ ಅಂತ ಗೊತ್ತಾಗುತ್ತೆ. ಅದು ಏನು ಹೇಳ್ತಿದೆ ಅಂತ ಗೊತ್ತಾಗಲ್ಲ. ತೆಳು ಶೂ ಇದೆಯಾ?"

ವಸತಿಗೃಹದ ಒಳಗೆ ಹಾಕಿಕೊಳ್ಳಲು ತಂದಿದ್ದ ಬಟ್ಟೆಯ ಶೂ ಹಂಸಕ್ಕನ ಚೀಲದಲ್ಲಿತ್ತು. ಹಾಕಿಕೊಂಡರು. ಹತ್ತು ನಿಮಿಷದಲ್ಲಿ ಬೆರಳುಗಳು ಮರಗಟ್ಟಿದವು ಎಂದರು. ಕನಾಯ್ ಸಾನ್ ತಲೆಯಾಡಿಸಿ, ಹಿಮ್ಮಡಿ ಮರಗಟ್ಟುವವರೆಗೆ ತೊಂದರೆ ಇಲ್ಲ ಎಂದರು.

ಅವರಿಬ್ಬರೂ ಮುಂದೆ, ನಾನು ಹಿಂದಿನ ಸಾಲಿನಲ್ಲಿ. ಮೊದಲ ಪಾಠ ಸಮತಟ್ಟಿನಲ್ಲಿ, ನೀರು ಹೊಡೆದು ಹೆಪ್ಪುಗಟ್ಟಿಸಿದ್ದ ಪಟ್ಟಿಯ ಮೇಲೆ. ಇಪ್ಪತ್ತರ ವೇಗದಲ್ಲಿ ಬಂದು ಕೆಂಪು ಕೋಲಿನ ಹತ್ತಿರ ಬ್ರೇಕನ್ನು ಪೂರ್ತಿ ಒತ್ತಬೇಕು. ಹಂಸಕ್ಕ ಒತ್ತಿದರು. ಪೆಡಲ್ ಅವರ ಕಾಲಿನ ಕೆಳಗೆ ಗಡಗಡ ನಡುಗಿದ್ದು ನನಗೆ ಹಿಂದಿನ ಸೀಟಿಗೂ ಕೇಳಿಸಿತು. ತಕ್ಷಣ ಕಾಲು ತೆಗೆದರು. ಟ್ರಕ್ ಆರಾಮಾಗಿ ಮುಂದೆ ಹೋಯಿತು.

"ಯಾಕೆ ತೆಗೆದಿರಿ ಅಂತ ಕೇಳ್ತಿದ್ದಾರೆ ಅಕ್ಕ."

"ಏನೋ ಮುರಿದೋದಂಗಾಯ್ತು ಅಂತ ಹೇಳು."

"ಮುರಿದದ್ದಲ್ಲ," ಎಂದರು ಕನಾಯ್ ಸಾನ್. "ಚಕ್ರ ಜಾರದ ಹಾಗೆ ಟ್ರಕ್ ತಾನೇ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡ್ತಿದೆ. ಅದು ಕೆಲಸ ಮಾಡುವಾಗ ನೀವು ಕಾಲು ತೆಗೆದರೆ ಅದಕ್ಕೆ ಬೇಜಾರಾಗುತ್ತೆ. ನಡುಗಲಿ, ಒತ್ತಿಕೊಂಡೇ ಇರಿ."

ಮೂರನೇ ಸಲ ಒತ್ತಿಕೊಂಡೇ ಇದ್ದರು. ಟ್ರಕ್ ನಿಂತ ಮೇಲೆ ಕನಾಯ್ ಸಾನ್ ಇಳಿದು ಕೋಲಿನಿಂದ ಟ್ರಕ್ಕಿನವರೆಗೆ ಹೆಜ್ಜೆ ಹಾಕಿ ಅಳೆದರು. ಇಪ್ಪತ್ತೈದು ಹೆಜ್ಜೆ. ಒಣ ರಸ್ತೆಯಲ್ಲಾದರೆ ನಾಲ್ಕೇ.

"ಫೋರ್ ವೀಲ್ ಹಾಕಿದ್ದೀನಲ್ಲ?" ಎಂದರು ಹಂಸಕ್ಕ.

ಅದನ್ನು ಹೇಳಿದಾಗ ಮುದುಕ ಮೊದಲ ಸಲ ನಕ್ಕರು. "ಹೊರಡುವುದಕ್ಕೆ ಅದು ದೊಡ್ಡ ವಿಷಯ. ನಿಲ್ಲುವುದಕ್ಕೆ ಎಲ್ಲ ಗಾಡಿಗೂ ನಾಲ್ಕೇ ಚಕ್ರ. ಹೊರಡುವುದು ಸುಲಭವಾಯಿತು ಅಂತ ನಿಲ್ಲುವುದೂ ಸುಲಭ ಅಂದುಕೊಂಡವರನ್ನ ನಾನು ಹಗ್ಗ ಹಾಕಿ ಮೇಲೆ ಎಳೆದಿದ್ದೀನಿ."

ಆಮೇಲೆ ಎಂಜಿನ್ ಆರಿಸಲು ಹೇಳಿ, ಜೇಬಿನಿಂದ ಆ ಐದು ಚೌಕದ ಪತ್ರ ತೆಗೆದು ತೊಡೆಯ ಮೇಲೆ ಹರಡಿಕೊಂಡರು. ಗಾಜಿನ ಮೇಲೆ ನಮ್ಮ ಉಸಿರು ಮಂಜಾಗಿ ಕೂರತೊಡಗಿತು.

"ಆ ದಿನ ತಿರುವಿಗೆ ಬರುವಾಗ ಎಷ್ಟನೇ ಗೇರಿನಲ್ಲಿದ್ದಿರಿ?"

ಕನ್ನಡದಲ್ಲಿ ಕೇಳಿದೆ. ಹಂಸಕ್ಕ ಮುಂದಿನ ಗಾಜು ನೋಡುತ್ತಿದ್ದರು. "ಮೂರು ಅನ್ನು."

ಮೂರು ಎಂದೆ.

"ಆ ಇಳಿಜಾರಿನಲ್ಲಿ ಮೂರನೇ ಗೇರಿನಲ್ಲಿ ಬಿಟ್ಟರೆ ಈ ಟ್ರಕ್ ಮೂವತ್ತರ ಹತ್ತಿರ ಬರುತ್ತೆ," ಎಂದರು ಕನಾಯ್ ಸಾನ್, ದನಿ ಏರಿಸದೆ. "ಆ ಕಂಬ ಕಿತ್ತು ಹೊಸದು ನೆಟ್ಟವನು ನಾನು. ಅದು ಬಗ್ಗಿದ ರೀತಿ ಐವತ್ತರ ವೇಗದ್ದು. ದಯವಿಟ್ಟು ಕೇಳಿ, ಆಗ ಅವರ ಎಡಗೈ ಏನು ಮಾಡ್ತಿತ್ತು?"

ನಾನು ಕೇಳಿದೆ. ಹಂಸಕ್ಕನ ಎಡಗೈ ಗೇರಿನ ಗುಂಡಿನ ಮೇಲೆ ಇತ್ತು. ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಶ್ರಾವ್ಯಾ, ಇದನ್ನ ಅವರಿಗೆ ಹೇಳ್ಬೇಡ. ನಿನಗೆ ಹೇಳ್ತೀನಿ."

"ಹೇಳಿ."

"ನ್ಯೂಟ್ರಲ್ ಮಾಡಿದ್ದೆ."

ನಾನು ಅವರ ಮಡಿಲಿನ ಕೈ ನೋಡಿದೆ.

"ಹಿಮ ಇರೋ ಕಡೆ ಯಾವತ್ತೂ ಮಾಡಿಲ್ಲ, ಆಣೆ. ಆವತ್ತು ಬಿಸಿಲು ಬಂದಿತ್ತು. ಹಿಮವೆಲ್ಲ ಕರಗಿ ರಸ್ತೆ ಕಪ್ಪಗೆ ಕಾಣ್ತು. ಕಪ್ಪು ರಸ್ತೆ, ಉದ್ದಕ್ಕೆ ಇಳಿಜಾರು. ಕೈ ತಾನಾಗೇ ಹೋಯ್ತು. ತಿರುವಿನ ನೆರಳಲ್ಲಿ ಅದು ರಸ್ತೆ ಅಲ್ಲ, ಗಾಜು. ವೇಗ ಬಂದುಬಿಟ್ಟಿತ್ತು. ತಿರುವಿನೊಳಗೇ ಬ್ರೇಕ್ ಒತ್ತಿದೆ." ನನ್ನ ಕಡೆ ತಿರುಗದೆಯೇ, "ನಿತೀಶನಿಗೆ ಗೊತ್ತು. ನನ್ನ ಕೈ ನೋಡಿದ. ಏನೂ ಅನ್ಲಿಲ್ಲ," ಎಂದರು.

ಹತ್ತು ತಿಂಗಳು ನನಗೂ ಹೇಳಿರಲಿಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ನಿತೀಶ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದ. ನಮ್ಮು ಅವನ ಕಡೆ ತೆವಳಿ ಹೋದಾಗಲೆಲ್ಲ ನಾನು ಓಡಿ ಹೋಗಿ ಎತ್ತಿಕೊಳ್ಳುತ್ತಿದ್ದೆ. ಅದೆಲ್ಲ ಕಣ್ಣ ಮುಂದೆ ಬಂತು. ಬಂದು ಹೋಯಿತು, ಬಸ್ಸಿನ ಕಿಟಕಿಯಿಂದ ಕಂಡ ಊರಿನ ಹಾಗೆ. ನನ್ನ ಜಾಕೆಟ್ಟಿನ ಜಿಪ್ಪು ಅರ್ಧಕ್ಕೆ ನಿಂತಿರುವುದು ಗಮನಕ್ಕೆ ಬಂದು ಮೇಲಕ್ಕೆ ಎಳೆದುಕೊಂಡೆ.

"ಐಸ್ ಅಂತ ಹೇಳ್ಬಿಡು," ಎಂದರು ಹಂಸಕ್ಕ. "ನೀನು ಅವನ ಹೆಂಡತಿ. ನೀನು ಹೇಳಿದ್ರೆ ನಂಬ್ತಾರೆ. ನಮ್ಮಪ್ಪ ಹೇಳ್ಕೊಟ್ಟಿದ್ದು ತಪ್ಪು ಅಂತ ಜಪಾನಿ ಭಾಷೇಲಿ ಬರೆದು, ಅದಕ್ಕೆ ಸೀಲ್ ಹಾಕಿಸ್ಬೇಕಾ? ಅವರೇ ಇಲ್ಲದ ಮೇಲೆ?"

"ಅಪ್ಪ ಹೇಳಿಕೊಟ್ಟಿದ್ದಾ?"

"ಇಳಿಜಾರು ಅಂದ್ರೆ ದೇವರು ಕೊಟ್ಟ ಡೀಸೆಲ್ ಅಂತಿದ್ರು. ಘಾಟಿ ಬಂತು ಅಂದ್ರೆ ನ್ಯೂಟ್ರಲ್. ಲಾರಿ ಸದ್ದಿಲ್ಲದೆ ತೇಲಿಕೊಂಡು ಹೋಗೋದು. ನಾನು ಕಿಟಕಿ ಹೊರಗೆ ಕೈ ಚಾಚ್ತಿದ್ದೆ."

ಕನಾಯ್ ಸಾನ್ ನಮ್ಮಿಬ್ಬರನ್ನೂ ನೋಡದೆ ಕಾಯುತ್ತಿದ್ದರು. ಇಲ್ಲಿಯವರಿಗೆ ಕಾಯುವುದು ಗೊತ್ತು.

"ನಾನು ಐಸ್ ಅಂತಲೂ ಹೇಳಲ್ಲ ಅಕ್ಕ, ಇದನ್ನೂ ಹೇಳಲ್ಲ," ಎಂದೆ. "ಎರಡೂ ನನ್ನ ಮಾತಲ್ಲ."

ಗಾಜು ಪೂರ್ತಿ ಬೆಳ್ಳಗಾಯಿತು. ಹೊರಗೆ ಯಾವುದೋ ಮರದಿಂದ ಹಿಮ ಕುಸಿದ ಸದ್ದು. ಹಂಸಕ್ಕ ಎಡಗೈಯನ್ನು ಮಡಿಲಿನಿಂದ ಎತ್ತಿ ಗೇರಿನ ಮೇಲಿಟ್ಟು, ಅದನ್ನು ನಡುವಿನ ಸ್ಥಾನಕ್ಕೆ ತಂದು, ಎಡಕ್ಕೂ ಬಲಕ್ಕೂ ಅಲುಗಾಡಿಸಿ ತೋರಿಸಿದರು.

"ನ್ಯೂತೊರಾರು," ಎಂದರು. ಜಪಾನಿಯಲ್ಲೂ ಅದೇ ಪದ, ಬಾಯಲ್ಲಿ ಸ್ವಲ್ಪ ಉದ್ದವಾಗುತ್ತದೆ ಅಷ್ಟೆ. ಆಮೇಲೆ ತಮಗೆ ಬರುವ ಜಪಾನಿಯಲ್ಲೇ, "ಅಪ್ಪ. ಲಾರಿ. ಕಲಿಸಿದ್ದು. ಸುಮಿಮಾಸೆನ್," ಎಂದು ಕ್ಷಮೆ ಕೇಳಿ ತಲೆ ಬಗ್ಗಿಸಿದರು.

"ಸೋ ದೆಸು ಕಾ," ಎಂದರು ಕನಾಯ್ ಸಾನ್. ಹೌದಾ, ಎಂದಷ್ಟೇ. ನನ್ನ ಕಡೆ ತಿರುಗಿದರು. ಹಂಸಕ್ಕ ತಲೆಯಾಡಿಸಿದ ಮೇಲೆ ನಾನು ಎಲ್ಲವನ್ನೂ ಹೇಳಿದೆ, ದೇವರು ಕೊಟ್ಟ ಡೀಸೆಲ್ಲಿನ ಮಾತನ್ನೂ. ಅವರು ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು.

"ಭಾರ ಹೇರಿದ ಲಾರಿ, ಅಷ್ಟು ಉದ್ದದ ಘಾಟಿ. ಬ್ರೇಕಿನಿಂದ ಸುಟ್ಟ ವಾಸನೆ ಬರ್ತಿರಲಿಲ್ಲವಾ?"

"ಬರ್ತಿತ್ತು," ಎಂದರು ಹಂಸಕ್ಕ. "ನಾನು ಅದನ್ನ ಅಪ್ಪನ ವಾಸನೆ ಅಂದ್ಕೊಂಡಿದ್ದೆ."

ಅದನ್ನು ಜಪಾನಿಗೆ ತರಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕನಾಯ್ ಸಾನ್ ಅಂಗೈಯಿಂದ ಗಾಜು ಒರೆಸಿದರು. "ನಮ್ಮಪ್ಪನೂ ಚಕ್ರಕ್ಕೆ ಸರಪಳಿ ಹಾಕದೇ ಓಡಿಸ್ತಿದ್ದ," ಎಂದರು. "ಸರಿ. ಈಗ ಅದನ್ನೇ ಮಾಡಿ. ನ್ಯೂಟ್ರಲ್‌ನಲ್ಲಿ ಇಳಿಯಿರಿ."

ಕೆಳಗಿನ ಅರ್ಧದ ಇಳಿಜಾರು. ಕೊನೆಯಲ್ಲಿ ಕೆಂಪು ಕೋಲು, ಅದರಾಚೆ ಮೆತ್ತನೆಯ ಹಿಮದ ರಾಶಿ ಮಾತ್ರ. ಹಂಸಕ್ಕ ನ್ಯೂಟ್ರಲ್‌ನಲ್ಲಿ ಬಿಟ್ಟರು. ಟ್ರಕ್ ಸದ್ದಿಲ್ಲದೆ ಹೊರಟಿತು, ತೇಲಿದ ಹಾಗೆ, ಹೌದು, ಹಿತವಾಗಿಯೇ ಇತ್ತು. ಅರ್ಧ ದಾರಿಯಲ್ಲಿ ಕನಾಯ್ ಸಾನ್ ಬ್ರೇಕ್ ಎಂದರು. ಪೆಡಲ್ ನಡುಗಿತು, ಹಂಸಕ್ಕ ಕಾಲು ತೆಗೆಯಲಿಲ್ಲ. ಆದರೂ ಕೋಲು ನಮ್ಮ ಪಕ್ಕದಿಂದ ಹಿಂದೆ ಹೋಯಿತು. ಮೂತಿ ಹಿಮದ ರಾಶಿಯಲ್ಲಿ ಹೂತುಕೊಂಡಿತು.

ಎರಡನೇ ಸಲ ಎರಡನೇ ಗೇರು. ಕ್ಲಚ್ ಮುಟ್ಟುವಂತಿಲ್ಲ. ಎಂಜಿನ್ ಗುರ್ ಎಂದು ಗೊಣಗುತ್ತಾ ನಾಲ್ಕೂ ಚಕ್ರವನ್ನು ಹಿಂದಕ್ಕೆ ಎಳೆದುಕೊಂಡೇ ಇಳಿಯಿತು, ಹಟದ ಎತ್ತನ್ನು ಹಗ್ಗ ಹಿಡಿದು ಇಳಿಸಿದ ಹಾಗೆ. ಅದೇ ಜಾಗದಲ್ಲಿ ಬ್ರೇಕ್. ಕ್ಲಚ್ ಕೊನೆಯ ಗಳಿಗೆಯಲ್ಲಿ ಮಾತ್ರ. ಕೋಲಿಗೆ ಮೂರು ಹೆಜ್ಜೆ ಮೊದಲೇ ನಿಂತಿತು.

ಹೀಗೆ ಒಂದಾದ ಮೇಲೊಂದು, ಐದು ಸಲ ಹಾಗೆ, ಐದು ಸಲ ಹೀಗೆ. ಪ್ರತಿ ಸಲ ಹಿಮದ ರಾಶಿಗೆ ಹೋಗಿ ಗುದ್ದಿದಾಗಲೂ ಹಂಸಕ್ಕನ ಮುಖ ಹಾಗೇ ಇತ್ತು.

ಕೊನೆಗೆ ಕನಾಯ್ ಸಾನ್ ಹೇಳಿದರು: "ನಾಳೆ ಬೆಟ್ಟ. ಅದೇ ತಿರುವು. ಅದರ ಮೊದಲು ಕೆಂಪು ಬಾವುಟ ನೆಟ್ಟಿರ್ತೀನಿ, ಅಲ್ಲಿ ಪೂರ್ತಿ ನಿಲ್ಲಿಸಬೇಕು. ನಾನು ಹಿಂದೆ ನನ್ನ ಗಾಡಿಯಲ್ಲಿ ಬರ್ತೀನಿ. ಪಕ್ಕದಲ್ಲಿ ಇವತ್ತು ಕಾರಣ ಕೇಳಿಸಿಕೊಂಡವರು ಕೂರಲಿ." ಎಂದರೆ ನಾನು. "ಮಾಡುವುದನ್ನೆಲ್ಲ ಕೈ ತೋರಿಸಿ ಬಾಯಲ್ಲಿ ಹೇಳಿಕೊಂಡು ಬನ್ನಿ, ಇಲ್ಲಿನ ರೈಲು ಓಡಿಸುವವರು ಮಾಡ್ತಾರಲ್ಲ, ಹಾಗೆ. ಜಪಾನಿ ಬೇಡ. ನಿಮ್ಮ ಕೈಗೆ ಅರ್ಥವಾಗುವ ಭಾಷೆಯಲ್ಲಿ."

ಸಂಜೆ ನಾಲ್ಕಕ್ಕೆ ವಸತಿಗೃಹಕ್ಕೆ ಬಂದಾಗ ನಿತೀಶ ನಮ್ಮುಗೆ ಬಾಳೆಹಣ್ಣು ತಿನ್ನಿಸುತ್ತಿದ್ದ. ಹಂಸಕ್ಕ ಸ್ಟೋವಿನ ಹತ್ತಿರ ಪತ್ರ ಹಿಡಿದು ಕೂತರು. ನಾನು ನಿಂತಲ್ಲೇ ಕೇಳಿದೆ.

"ಹಂಸಕ್ಕ ನ್ಯೂಟ್ರಲ್ ಮಾಡಿದ್ದು ನೋಡಿದ್ಯಂತೆ."

ಅವನ ಚಮಚ ನಿಂತಿತು. ಹಂಸಕ್ಕನ ಕಡೆ ನೋಡಿದ. "ನೋಡಿದ್ದೆ."

"ಯಾಕೆ ಹೇಳ್ಲಿಲ್ಲ?"

"ಅವರಿಗೆ ನಾನು ಡ್ರೈವಿಂಗ್ ಹೇಳ್ಕೊಡೋದಾ? ನಂಗೆ ಸೈಕಲ್ ಬಿಟ್ರೆ ಏನೂ ಬರಲ್ಲ. ಅವರು ಮಾಡಿದ್ರೆ ಸರಿಯಾಗೇ ಇರುತ್ತೆ ಅಂದ್ಕೊಂಡೆ."

"ಅವರಿಗಲ್ಲ. ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹಂಸಕ್ಕನ ಕೈಲಿ ಮಗೂನ ಕೊಡ್ತಿದ್ಯಾ?"

ನಾನು ಯೋಚಿಸಿದೆ. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ನಾನೇನು ಗೋಡೆಯಾಚೆ ಇದ್ದೀನಾ?" ಎಂದರು ಹಂಸಕ್ಕ, ಪೆನ್ನಿನ ಮುಚ್ಚಳ ಕಚ್ಚಿಕೊಂಡು. "ಬಾ ಇಲ್ಲಿ, ಕಾಗುಣಿತ ನೋಡು. ಬರೀತೀನಿ."

ಮೊದಲ ಚೌಕ: ತಿರುವಿನೊಳಗೆ ಬ್ರೇಕ್ ಒತ್ತಿದೆ. ಏಕೆ? ವೇಗ ಹೆಚ್ಚಾಗಿತ್ತು. ಏಕೆ? ಇಳಿಜಾರಿನಲ್ಲಿ ಗೇರು ನ್ಯೂಟ್ರಲ್ ಮಾಡಿದ್ದೆ. ಏಕೆ? ತಂದೆಯಿಂದ ಹಾಗೆ ಕಲಿತಿದ್ದೆ, ಒಣ ರಸ್ತೆ ಎಂದು ತಿಳಿದೆ. ಐದನೆಯ ಏಕೆಯ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು. ನಮ್ಮು ಬಂದು ಅವರ ಮೊಣಕಾಲು ಹಿಡಿದು ನಿಂತಳು. ಹಂಸಕ್ಕ ಒಂದು ಕೈಯಿಂದ ಅವಳನ್ನು ಹಿಡಿದುಕೊಂಡು ಇನ್ನೊಂದರಿಂದ ಬರೆದರು: "ಪಕ್ಕದಲ್ಲಿದ್ದವರು ನೋಡಿದರು, ಹೇಳಲಿಲ್ಲ. ನನಗೆ ಯಾರೂ ಹೇಳುವ ಹಾಗೆ ನಾನು ಇಟ್ಟುಕೊಂಡಿರಲಿಲ್ಲ."

ನಿತೀಶ ಅದನ್ನು ಓದಿ, "ಅಕ್ಕ, ಇದು ಬೇಡ," ಎಂದ.

"ಸುಮ್ನಿರೋ. ಆವತ್ತು ಮಾತಾಡ್ಬೇಕಿತ್ತು ನೀನು, ಇವತ್ತಲ್ಲ."

ಮರುದಿನ ಬೆಳಗ್ಗೆ ಒಂಬತ್ತಕ್ಕೆ ನಾವು ಬೆಟ್ಟದ ಮೇಲಿದ್ದೆವು. ಆಕಾಶ ತಿಳಿಯಾಗಿತ್ತು, ಬಿಸಿಲು ಬಂದಿತ್ತು, ಆವತ್ತಿನ ಹಾಗೆಯೇ ಎಂದು ಹಂಸಕ್ಕ ಹೇಳಿದರು. ನಾನು ಎಡಗಡೆ, ನಿತೀಶನ ಜಾಗದಲ್ಲಿ. ಬಾಗಿಲ ಒಳಮೈ ಹೊಸದು, ಉಳಿದದ್ದಕ್ಕಿಂತ ಬೂದು ಬಣ್ಣ ಸ್ವಲ್ಪ ತಿಳಿ. ಬೆಲ್ಟು ಹಾಕಿಕೊಂಡೆ. ನಮ್ಮುಗೆ ಹತ್ತಕ್ಕೆ ಹಾಲು ಎಂದು ನಿತೀಶನಿಗೆ ಹೇಳಿದ್ದೇನೆಯೇ ಎಂದು ನೆನಪು ಮಾಡಿಕೊಂಡೆ. ಹೇಳಿದ್ದೆ.

"ನನ್ನ ಕೈ ನೋಡ್ತಿರು," ಎಂದರು ಹಂಸಕ್ಕ.

ಬೆರಳು ಚಾಚಿ ಒಂದೊಂದನ್ನೇ ತೋರಿಸಿದರು. "ನಾಲ್ಕು ಚಕ್ರ, ಬಿದ್ದಿದೆ. ಎರಡನೇ ಗೇರು, ಬಿದ್ದಿದೆ. ಎಡಗಾಲು ಕ್ಲಚ್ ಮೇಲಿಲ್ಲ, ನೆಲದ ಮೇಲಿದೆ. ಹೊರಟೆ."

ಮೊದಲ ಎರಡು ತಿರುವು ಹಿಮದ ಗೋಡೆಗಳ ನಡುವೆ, ನೆಲವೂ ಬಿಳಿ. ಪ್ರತಿ ತಿರುವಿನ ಮೊದಲು, ರಸ್ತೆ ನೇರವಿರುವಾಗಲೇ, "ಇಲ್ಲೇ ಕಡಿಮೆ ಮಾಡ್ತೀನಿ, ಒಳಗೆ ಹೋದ್ಮೇಲೆ ಅಲ್ಲ," ಎನ್ನುತ್ತಾ ಮೆತ್ತಗೆ ಬ್ರೇಕ್ ಒತ್ತಿ ಬಿಟ್ಟು, ತಿರುವಿನಲ್ಲಿ ಎಂಜಿನ್ನಿಗೇ ಬಿಟ್ಟುಕೊಟ್ಟರು. ಕನ್ನಡಿಯಲ್ಲಿ ಕನಾಯ್ ಸಾನ್ ಅವರ ಬಿಳಿ ಪುಟ್ಟ ಗಾಡಿ ಒಂದೇ ಅಂತರದಲ್ಲಿ ಬರುತ್ತಿತ್ತು.

ಮೂರನೆಯದು ದಾಟಿದ ಮೇಲೆ ರಸ್ತೆ ಬಿಸಿಲಿಗೆ ತೆರೆದುಕೊಂಡಿತು. ಹಿಮ ಕರಗಿ, ಡಾಂಬರು ಕಪ್ಪಗೆ ಒದ್ದೆಯಾಗಿ ಹೊಳೆಯುತ್ತಾ ಉದ್ದಕ್ಕೆ ಇಳಿಯುತ್ತಿತ್ತು. ಯಾವ ಊರಿನ ರಸ್ತೆಯೂ ಆಗಬಹುದಾಗಿತ್ತು. ಹಂಸಕ್ಕನ ಮಾತು ನಿಂತಿತು. ಎಂಜಿನ್ ಗೊಣಗುತ್ತಲೇ ಇತ್ತು.

ಅವರ ಎಡಗೈ ಸ್ಟೇರಿಂಗ್ ಬಿಟ್ಟಿತು. ಯಾವ ಅವಸರವೂ ಇಲ್ಲದೆ, ನಿದ್ದೆಯಲ್ಲಿ ಹೊದಿಕೆ ಎಳೆದುಕೊಳ್ಳುವವರ ಕೈಯ ಹಾಗೆ, ಗೇರಿನ ಗುಂಡಿನ ಮೇಲೆ ಬಂದು ಕೂತಿತು. ಎಡಗಾಲು ನೆಲದಿಂದ ಎದ್ದಿತು. ಅವರು ಮುಂದೆ ರಸ್ತೆಯನ್ನೇ ನೋಡುತ್ತಿದ್ದರು.

ನನಗಿಂತ ಹನ್ನೊಂದು ವರ್ಷ ದೊಡ್ಡವರು. ನನಗೆ ಗೇರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದೂ ಗೊತ್ತಿಲ್ಲ. ಹೇಳಲು ಬಾಯಿ ತೆರೆದಾಗ, ನಿತೀಶ ಅಲ್ಲಿ ಕೂತು ಯಾಕೆ ಸುಮ್ಮನಿದ್ದ ಎನ್ನುವುದು ಅರ್ಧ ಕ್ಷಣ ಅರ್ಥವಾಯಿತು.

"ಅಕ್ಕ, ಕೈ."

ಕೈ ನಿಂತಿತು. ಅದರ ಮೇಲಿನ ಚರ್ಮ ಒಮ್ಮೆ ಬಿಗಿಯಾದದ್ದು ಕಂಡಿತು. ಆಮೇಲೆ ಮೆಲ್ಲಗೆ ಸ್ಟೇರಿಂಗಿಗೆ ವಾಪಸ್ ಹೋಯಿತು. ಕಾಲು ನೆಲಕ್ಕಿಳಿಯಿತು.

"ಎರಡನೇ ಗೇರು," ಎಂದರು ಹಂಸಕ್ಕ. "ಕಪ್ಪಗಿದೆ. ನಂಬಲ್ಲ. ಬಾವುಟ ಕಾಣ್ತಿದೆ. ರಸ್ತೆ ನೇರ ಇದೆ. ಈಗ."

ಬ್ರೇಕ್ ಒತ್ತಿದರು. ನೆರಳು ಶುರುವಾಗುವ ಕಡೆ ಪೆಡಲ್ ಗಡಗಡ ನಡುಗಿತು. ನನ್ನ ಹಲ್ಲಿಗೂ ಆ ನಡುಕ ತಾಗಿತು. ಅವರು ಒತ್ತಿಕೊಂಡೇ ಇದ್ದರು. ಕೊನೆಗೆ ಕ್ಲಚ್. ಟ್ರಕ್ ನಿಂತಿತು. ಬಾವುಟ ನಮ್ಮ ಮುಂದೆ, ಎರಡು ಮಾರು ದೂರದಲ್ಲಿ ಗಾಳಿಯಿಲ್ಲದೆ ಜೋತುಬಿದ್ದಿತ್ತು. ಅದರಾಚೆ ತಿರುವು, ತಿರುವಿನಲ್ಲಿ ಹೊಸ ಕಂಬ.

ಕನಾಯ್ ಸಾನ್ ಹಿಂದೆ ನಿಲ್ಲಿಸಿ ಇಳಿದು ಬಂದರು. ಬಾವುಟಕ್ಕೆ ಹೆಜ್ಜೆ ಹಾಕಿ ಅಳೆಯಲಿಲ್ಲ. ಪತ್ರವನ್ನು ಹಂಸಕ್ಕನಿಂದ ಇಸಿದುಕೊಂಡು ನಮ್ಮ ಬಾನೆಟ್ಟಿನ ಮೇಲೆ ಹರಡಿ, ಐದೂ ಚೌಕಗಳನ್ನು ಬೆರಳಿಟ್ಟು ಓದಿದರು. ಐದನೆಯದನ್ನು ಓದಿದ ಮೇಲೆ ಗಾಜಿನಾಚೆಯಿಂದ ನನ್ನನ್ನು ನೋಡಿ, "ಇವತ್ತು ನೀವು ಹೇಳಿದಿರಾ?" ಎಂದು ಕೇಳಿದರು. ಒಂದು ಸಲ ಹೇಳಬೇಕಾಯಿತು ಎಂದೆ. ಸುಳ್ಳು ಹೇಳಬಹುದಾಗಿತ್ತು.

"ಅವರು ಕೇಳಿದರಾ?"

"ಕೇಳಿದರು. ತಕ್ಷಣ."

ಅವರು ಜೇಬಿನಿಂದ ಚಿಕ್ಕ ಮುದ್ರೆ ತೆಗೆದು, ಚಳಿಗೆ ಗಟ್ಟಿಯಾದ ಅದರ ಮೂತಿಗೆ ಹಾ ಎಂದು ಬಾಯಿಂದ ಬಿಸಿ ಉಸಿರು ಬಿಟ್ಟು, ಕಾಗದದ ಮೂಲೆಯಲ್ಲಿ ಒತ್ತಿದರು. ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯಿಂದ ಕೊಟ್ಟರು. "ಮಂಗಳವಾರ ಹಿಮ ಬೀಳುತ್ತೆ. ಬೇಗ ಹೊರಡಿ. ಪಕ್ಕದಲ್ಲಿ ಮಾತಾಡುವವರನ್ನೇ ಕೂರಿಸಿಕೊಳ್ಳಿ," ಎಂದು ಬಾವುಟ ಕಿತ್ತುಕೊಂಡು ಹೋದರು.

ಹಂಸಕ್ಕ ಪತ್ರವನ್ನು ನನ್ನ ಮಡಿಲಿಗೆ ಹಾಕಿ ಹೀಟರಿನ ಗಾಳಿಯನ್ನು ಕೆಳಕ್ಕೆ ತಿರುಗಿಸಿಕೊಂಡರು. ಬಟ್ಟೆಯ ಶೂ ನೆನೆದು ಹೋಗಿತ್ತು.

"ಕಾಲು ಉರೀತಿದೆ ಕಣೆ," ಎಂದರು ಸ್ವಲ್ಪ ಹೊತ್ತಿನ ಮೇಲೆ. "ಇಷ್ಟು ಹೊತ್ತು ಏನೂ ಇರ್ಲಿಲ್ಲ."

"ಉರೀಲಿ ಬಿಡಿ. ಅವಸರ ಇಲ್ಲ."

ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕಾಲಿನ ಉರಿಗೆ ಎಂದರು. ಇರಬಹುದು. ಚೀಲದಿಂದ ನಮ್ಮುವಿನ ಒರೆಸುವ ಬಟ್ಟೆ ತೆಗೆದು ಕೊಟ್ಟೆ. ಮುಖ ಒರೆಸಿಕೊಂಡು, ಮಡಿಸಿ ವಾಪಸ್ ಕೊಟ್ಟು, ಬೆರಳು ಚಾಚಿ ಗೇರು ತೋರಿಸಿದರು. "ಒಂದನೇ ಗೇರು, ಬಿದ್ದಿದೆ." ತಿರುವನ್ನು ನಡಿಗೆಯ ವೇಗದಲ್ಲಿ ದಾಟಿದೆವು. ಕಂಬ ನನ್ನ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಅದರ ಬಣ್ಣ ಇನ್ನೂ ಮಾಸಿರಲಿಲ್ಲ.

ಡಿಸೆಂಬರ್ ಹದಿನೈದರ ಪುಟ: "ಹಂಸಕ್ಕನಿಗೆ ಮುದ್ರೆ ಬಿತ್ತು. ನಮ್ಮುಗೆ ಹತ್ತಕ್ಕೆ ಹಾಲು ಕೊಟ್ಟಿದ್ದಾನೆ, ಬಾಟಲಿ ತೊಳೆದಿಲ್ಲ. ಹಂಸಕ್ಕನಿಗೆ ತೆಳು ಅಟ್ಟೆಯ, ಒದ್ದೆಯಾಗದ ಶೂ ನೋಡಬೇಕು, ಮಂಗಳವಾರದೊಳಗೆ. ಅಳತೆ ಇಪ್ಪತ್ನಾಲ್ಕು ಸೆಂಟಿಮೀಟರ್."